ಹತ್ತಿರದಲ್ಲೇ ಇದೆ

ಕಳೆದುಹೋದ ವಸ್ತುವೇ ಕೂಗಿ ಕರೆಯುವ ಕಾಲ ಬಂದಿದೆ. ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಮಂಚದ ಕೆಳಗೋ ದಿಂಬಿನ ಸಂದಿಯಲ್ಲೋ ಬಿದ್ದ ಇಯರ್‌ಬಡ್ಡು 'ಇಲ್ಲಿದ್ದೀನಿ, ಬಾ' ಎಂದು ಚೀರುತ್ತದೆ. ಹುಡುಕುವವರು ಸುಮ್ಮನೆ ನಿಂತು ಕಿವಿಗೊಟ್ಟರೆ ಸಾಕು. ಇಷ್ಟು ಒಳ್ಳೆಯ ಉಪಾಯದಲ್ಲಿ ಇರುವುದು ಒಂದೇ ಐಬು. ಕಿವಿಗೊಡಲು ಕಿವಿ ಇರಬೇಕು.

ಹೊಲಿಗೆ ಕಾರ್ಖಾನೆಯ ಮೆಕ್ಯಾನಿಕ್‌ಗೆ ಅದೇ ಇರಲಿಲ್ಲ. ಈ ಸಂಗತಿ ಜಗತ್ತಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೆ, ಅವರಿಗೆ ಮತ್ತು ಅವರ ಮಗಳಿಗೆ. ಕಾರ್ಖಾನೆಯಲ್ಲಂತೂ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದೇ 'ಕಿವಿ ಮೇಷ್ಟ್ರು' ಎಂದು. ಒಂದು ಕಾಲದಲ್ಲಿ ಅವರು ಬೆಳಿಗ್ಗೆ ಹಾಲ್‌ನ ಬಾಗಿಲಲ್ಲಿ ನಿಂತು, ಸಾಲು ಸಾಲು ಮಷೀನುಗಳ ಗದ್ದಲವನ್ನು ಅರೆಗಣ್ಣು ಮುಚ್ಚಿ ಕೇಳಿ, "ಮೂರನೇ ಸಾಲಲ್ಲಿ ಯಾವುದಕ್ಕೋ ನೆಗಡಿ ಆಗಿದೆ" ಅನ್ನುತ್ತಿದ್ದರು. ಹೋಗಿ ನೋಡಿದರೆ ಆ ಮಷೀನಿನಲ್ಲಿ ಎಣ್ಣೆ ಬತ್ತಿರುತ್ತಿತ್ತು. ಅವರ ಬಾಯಿಂದ 'ಇದು ಕೆಟ್ಟಿದೆ' ಎಂದು ಬಂದರೆ ಕೆಟ್ಟಿದೆ, 'ಚೆನ್ನಾಗಿದೆ' ಎಂದು ಬಂದರೆ ಚೆನ್ನಾಗಿದೆ. ಅದಕ್ಕೆ ಅಪೀಲಿಲ್ಲ. ಗಟ್ಟಿಮುಟ್ಟಾಗಿರುವ ಮಷೀನಿಗೆ ಇಲ್ಲದ ರೋಗ ಅಂಟಿಸಿದವರಲ್ಲ ಅವರು, ಅದೇ ಅವರ ಹೆಮ್ಮೆ.

ಆ ಕಿವಿಯನ್ನು ಅದೇ ಗದ್ದಲ ತಿಂದು ಹಾಕಿತು. ಒಂದೇ ಸಲ ಹೋಗಿದ್ದರೆ ಅತ್ತು ಸುಮ್ಮನಾಗಬಹುದಿತ್ತು. ಅದು ಹೋದದ್ದು ಕಳ್ಳನ ಹಾಗೆ, ಚೂರು ಚೂರೇ. ಮೊದಲು ಚಮಚದ ಟಿಣ್ ಹೋಯಿತು. ಆಮೇಲೆ ಕುಕ್ಕರಿನ ಸೀಟಿ, ಆಮೇಲೆ ಹೆಂಗಸರ ಮಾತಿನ ತುದಿಗಳು. ದಪ್ಪ ಸದ್ದೆಲ್ಲ ಇನ್ನೂ ಉಳಿದಿತ್ತು, ಸಣ್ಣ ಸದ್ದೆಲ್ಲ ಮಂಗಮಾಯ.

ಕಿವಿ ಹೋದವನಿಗೆ ಈ ಹಾಲ್‌ನಲ್ಲಿ ಏನಾಗುತ್ತದೆ ಎಂದು ಮೇಷ್ಟ್ರು ಕಣ್ಣಾರೆ ಕಂಡಿದ್ದರು. ಮುಂಚೆ ಇಸ್ತ್ರಿ ಮೇಜಿನಲ್ಲಿ ಒಬ್ಬ ತಾತ ಇದ್ದ. ಯಾರು ಏನು ಹೇಳಿದರೂ ಕಿವಿಗೆ ಕೈ ಹಚ್ಚಿ "ಏನಂದ್ರಿ?" ಅನ್ನುತ್ತಿದ್ದ. ಹುಡುಗಿಯರೆಲ್ಲ ಅವನ ಬೆನ್ನ ಹಿಂದೆ "ಏನಂದ್ರಿ, ಏನಂದ್ರಿ" ಎಂದು ಅಣಕಿಸಿ ನಗುತ್ತಿದ್ದರು. ಕೊನೆಗೆ ಒಂದು ದಿನ ಆಫೀಸಿನವರು ತಾತನಿಗೊಂದು ಗೋಡೆ ಗಡಿಯಾರ ಕೊಟ್ಟು ಮನೆಗೆ ಕಳಿಸಿದರು. ಟಿಕ್ ಟಿಕ್ ಕೇಳಿಸದವನಿಗೆ ಗಡಿಯಾರ! ಅವತ್ತೇ ಮೇಷ್ಟ್ರು ತೀರ್ಮಾನ ಮಾಡಿದ್ದರು, ಪ್ರಾಣ ಹೋದರೂ 'ಏನಂದ್ರಿ' ಎಂಬ ಮಾತು ತಮ್ಮ ಬಾಯಿಂದ ಬರಬಾರದು. ಅದರ ಬದಲು ಅವರು 'ಹೌದು ಹೌದು' ಎಂಬ ಮಂತ್ರ ಹಿಡಿದರು. ಯಾರು ಏನು ಹೇಳಿದರೂ ತಲೆಯಾಡಿಸಿ "ಹೌದು ಹೌದು" ಅನ್ನುವುದು. ಹತ್ತಕ್ಕೆ ಒಂಬತ್ತು ಸಲ ಅದು ನಡೆದುಹೋಗುತ್ತದೆ. ಉಳಿದ ಒಂದು ಸಲದ ಕತೆ ಕೇಳಬಾರದು.

ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಅವಳ ಕಣ್ಣು ತಪ್ಪಿಸುವುದು ಕಷ್ಟ. "ಅಪ್ಪಾ, ಕಿವಿಗೆ ಮಷೀನ್ ಹಾಕ್ಸೋಣ" ಅಂದಳು. "ಕಿವಿ ಮೇಷ್ಟ್ರ ಕಿವಿಗೆ ಮಷೀನಾ? ಮಾನ ಹರಾಜಾಗುತ್ತೆ" ಎಂದು ಇವರು ಹಾರಿಬಿದ್ದರು. ತಿಂಗಳುಗಟ್ಟಲೆ ಜಗಳವಾಗಿ ಕೊನೆಗೆ ಅವಳೇ ಒಂದು ಮಧ್ಯದ ದಾರಿ ಹುಡುಕಿದಳು. ಕಪ್ಪು ಬಣ್ಣದ ಒಂದು ಜೊತೆ ಇಯರ್‌ಬಡ್ ತಂದು, ಫೋನಿನಲ್ಲಿ ಏನೇನೋ ತಿರುವಿ, ಹೊರಗಿನ ಸದ್ದನ್ನೇ ಹಿಡಿದು ದೊಡ್ಡದು ಮಾಡಿ ಕಿವಿಗೆ ಹಾಕುವ ಹಾಗೆ ಮಾಡಿಕೊಟ್ಟಳು. ನೋಡುವವರ ಕಣ್ಣಿಗೆ ಮೇಷ್ಟ್ರು ಹಾಡು ಕೇಳುತ್ತಿದ್ದಾರೆ. ಹಾಲ್‌ನಲ್ಲಿ "ಮೇಷ್ಟ್ರಿಗೆ ವಯಸ್ಸಾದ ಮೇಲೆ ಶೋಕಿ ಹತ್ತಿದೆ" ಎಂದು ಗುಸುಗುಸು ಆಯಿತು. ಆಗಲಿ ಬಿಡು ಎಂದುಕೊಂಡರು. ಕಿವುಡ ಅನ್ನಿಸಿಕೊಳ್ಳುವುದಕ್ಕಿಂತ ಶೋಕಿಲಾಲ ಅನ್ನಿಸಿಕೊಳ್ಳುವುದು ಎಷ್ಟೋ ವಾಸಿ.

ಇಂಥ ಇಯರ್‌ಬಡ್ಡುಗಳು ಕಳೆದುಹೋದದ್ದು, ಹೋಗಿ ಹೋಗಿ, ಖರೀದಿದಾರರ ಕಡೆಯ ತಪಾಸಣೆಯವನು ಬರುವ ದಿನ.

ಬೆಳಿಗ್ಗೆ ಕಾಲರ್ ಹೊಲಿಯುವ ಮಷೀನೊಂದು ತಕರಾರು ಮಾಡುತ್ತಿತ್ತು. ಇಂಥದ್ದಕ್ಕೆ ಮೇಷ್ಟ್ರ ಹತ್ತಿರ ಒಂದು ಹಳೆಯ ವಿದ್ಯೆ ಇದೆ. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಮಷೀನಿನ ತಲೆಗೆ ಮುಟ್ಟಿಸಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿಕೊಳ್ಳುವುದು. ಒಳಗಿನ ಅದುರು ನೇರ ಎಲುಬಿಗೆ ಬರುತ್ತದೆ, ಅದಕ್ಕೆ ಕಿವಿಯ ಹಂಗಿಲ್ಲ. ಆದರೆ ಇಯರ್‌ಬಡ್ ಅಡ್ಡ ಬರುತ್ತದೆ, ತೆಗೆಯಬೇಕು. ತೆಗೆದರೆ ಇಡಲು ಡಬ್ಬಿ ಇಲ್ಲ, ಡಬ್ಬಿ ಮನೆಯಲ್ಲಿ ಚಾರ್ಜಿಗೆ ಹಾಕಿದ್ದು ಹಾಕಿದಲ್ಲೇ ಉಳಿದಿದೆ. ಮೇಷ್ಟ್ರು ಎರಡನ್ನೂ ತೆಗೆದು ಬಿಚ್ಚಿದ ಸ್ಕ್ರೂಗಳ ಪಕ್ಕ ಎಲ್ಲೋ ಇಟ್ಟರು. ಕೆಲಸ ಮುಗಿಯುವಷ್ಟರಲ್ಲಿ ಸೂಪರ್‌ವೈಸರ್ ಮೇಡಂ ದೂರದಿಂದ ಕೈಬೀಸಿ ಕರೆದರು. ಸಾಮಾನನ್ನೆಲ್ಲ ಸೊಂಟದ ಚೀಲಕ್ಕೆ ತುಂಬಿಕೊಂಡು ಓಡಿದರು. ಮೇಡಂ ಏನೋ ಹೇಳಿದರು. ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಜಗತ್ತಿಗೇ ಹತ್ತಿ ತುರುಕಿದಂತಾಯಿತು. ಮೇಷ್ಟ್ರು "ಹೌದು ಹೌದು" ಅಂದು, ಮೇಡಂ ಅತ್ತ ತಿರುಗುತ್ತಲೇ ಕಿವಿ ಮುಟ್ಟಿ ನೋಡಿಕೊಂಡರು. ಖಾಲಿ.

ಜೇಬೆಲ್ಲ ತಡಕಿದರು. ಸೊಂಟದ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿ ಕೊಡವಿದರು. ಸ್ಕ್ರೂ, ಬಾಬಿನ್, ಎಣ್ಣೆ ಕುಡಿಕೆ, ಮುರಿದ ಸೂಜಿಯ ಚೂರು ಹುಡುಕಲು ಇಟ್ಟುಕೊಂಡಿದ್ದ ಕಪ್ಪು ಬಟ್ಟೆ ಸುತ್ತಿದ ಆಯಸ್ಕಾಂತ, ಎಲ್ಲವೂ ದಡದಡ ಬಿದ್ದವು. ಅದೊಂದು ಬಿಟ್ಟು. ಬಾಚಿ ಮತ್ತೆ ತುಂಬಿಕೊಂಡರು. ಕಾಲರ್ ಮಷೀನಿನ ಕೆಳಗೆ ಮಂಡಿಯೂರಿ, ದಾರದ ತುಂಡು ಮತ್ತು ಬಟ್ಟೆಯ ಧೂಳಿನ ನಡುವೆ ಕೈಯಾಡಿಸಿದರು. ಕಾಲರ್ ಹೊಲಿಯುವ ಹುಡುಗಿ ಕಾಲೆತ್ತಿಕೊಂಡು ಏನೋ ಕೇಳಿದಳು.

"ಹೌದು ಹೌದು" ಅಂದರು ಮೇಷ್ಟ್ರು, ತಲೆಯೆತ್ತದೆ.

ಅವಳು ಕೇಳಿದ್ದು "ಸೂಜಿ ಮುರೀತಾ ಮೇಷ್ಟ್ರೇ?" ಎಂದು. ಹೊಲಿಗೆ ಕಾರ್ಖಾನೆಯಲ್ಲಿ ಇದಕ್ಕಿಂತ ಕೆಟ್ಟ ಪ್ರಶ್ನೆ ಇಲ್ಲ, ಇದಕ್ಕಿಂತ ಕೆಟ್ಟ ಉತ್ತರವೂ ಇಲ್ಲ. ಮುರಿದ ಸೂಜಿಯ ಚೂರು ಬಟ್ಟೆಯಲ್ಲಿ ಉಳಿದು ಯಾರದೋ ಕುತ್ತಿಗೆಗೆ ಚುಚ್ಚಿದರೆ ಕಾರ್ಖಾನೆಯ ಕತೆ ಮುಗಿಯಿತು. ಹಾಗಾಗಿ ಚೂರು ಸಿಗುವವರೆಗೆ ಇಡೀ ಸಾಲು ನಿಲ್ಲಬೇಕು, ಅದು ನಿಯಮ. ಮೇಷ್ಟ್ರು ಮೇಲೆದ್ದು ನೋಡುತ್ತಾರೆ, ಸಾಲಿಗೆ ಸಾಲೇ ಮಷೀನು ನಿಲ್ಲಿಸಿ ನೆಲದ ಮೇಲೆ ಕೂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಇಲ್ಲದ ಸೂಜಿ ಹುಡುಕುತ್ತಿದೆ. ಮೇಡಂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಏನಾಗಿದೆ ಎಂದು ಅರ್ಥವಾಗಲು ಮೇಷ್ಟ್ರಿಗೆ ಒಂದು ಗಳಿಗೆ ಬೇಕಾಯಿತು. ಇನ್ನೇನು ಮಾಡುತ್ತಾರೆ? ದಾರದ ಬೀರುವಿನ ಹಿಂದೆ ಹೋಗಿ, ಹೊಚ್ಚ ಹೊಸ ಸೂಜಿಯೊಂದನ್ನು ತಾವೇ ಮುರಿದು, ಚೂರುಗಳನ್ನು ಅಂಗೈಯಲ್ಲಿಟ್ಟು ತಂದು "ಸಿಕ್ತು" ಅಂದರು. ಒಂದು 'ಹೌದು ಹೌದು'ವಿಗೆ ಒಂದು ಸೂಜಿ ಬಲಿ. ಬೀಸುವ ದೊಣ್ಣೆ ತಪ್ಪಿತು, ಆದರೆ ಮೈಯೆಲ್ಲ ಬೆವರು.

ಆಮೇಲೆ ಬೀರುವಿನ ಹಿಂದೆಯೇ ನಿಂತು ಮಗಳಿಗೆ ಬರೆದರು. 'ಕಿವೀದು ಕಳೆದುಹೋಗಿದೆ. ಏನು ಮಾಡಲಿ?'

ಅವಳು ಬರೆದಳು. 'ಗಾಬರಿ ಆಗ್ಬೇಡ. ಆ್ಯಪ್ ತೆಗಿ. ಹುಡುಕು ಅಂತ ಇದೆ, ಒತ್ತು.'

ಒತ್ತಿದರು. ಒಂದು ನಕ್ಷೆ ಬಂತು. ನಕ್ಷೆಯಲ್ಲಿ ಇಡೀ ಕಾರ್ಖಾನೆ ಒಂದು ಬೂದು ಚೌಕ, ಅದರ ಮೇಲೆ ಒಂದು ಹಸಿರು ಚುಕ್ಕೆ. ಕೆಳಗೆ 'ಹತ್ತಿರದಲ್ಲೇ ಇದೆ' ಎಂಬ ಸಾಲು. ಮೇಷ್ಟ್ರಿಗೆ ಜೀವ ಬಂತು. ಎಷ್ಟು ಹತ್ತಿರ ಎಂದು ತಿಳಿಯಲು ಫೋನ್ ಹಿಡಿದು ನಡೆದರು. ಕತ್ತರಿಸುವ ಮೇಜಿನ ಬಳಿ ಹೋದರೆ ಹತ್ತಿರದಲ್ಲೇ ಇದೆ. ಗೋದಾಮಿಗೆ ಹೋದರೆ ಹತ್ತಿರದಲ್ಲೇ ಇದೆ. ಶೌಚಾಲಯಕ್ಕೆ ಹೋದರೆ ಅಲ್ಲೂ ಹತ್ತಿರದಲ್ಲೇ ಇದೆ. ಅನುಮಾನ ಬಂದು ಗೇಟಿನ ತನಕ ಹೋದರು, ಕಾವಲಿನವನು ಪಿಳಿಪಿಳಿ ನೋಡಿದ, ಅಲ್ಲೂ ಅದೇ ಮಾತು. "ಥೂ ನಿನ್ನ! ಎಲ್ಲಿ ಹೋದ್ರೂ ಹತ್ತಿರ ಇದ್ದೀನಿ ಅನ್ನೋಕೆ ನೀನೇನು ದೇವ್ರಾ?" ಎಂದು ಫೋನಿಗೇ ಬೈದರು. ಕಾವಲಿನವನು ಇನ್ನಷ್ಟು ಪಿಳಿಪಿಳಿ ನೋಡಿದ.

ಮಗಳಿಗೆ ಮತ್ತೆ ಬರೆದರು. ಅವಳು 'ಶಬ್ದ ಮಾಡು ಅಂತ ಇದೆ ನೋಡು, ಅದನ್ನ ಒತ್ತು' ಎಂದು ಉತ್ತರಿಸಿದಳು. ಅದರ ಹಿಂದೆಯೇ ಒಂದು ಧ್ವನಿ ಸಂದೇಶ ಬಂತು. ಲ್ಯಾಬಿನಲ್ಲಿ ಕೈಗವಸು ಹಾಕಿಕೊಂಡಿದ್ದಾಗ ಅವಳು ಬರೆಯುವುದಿಲ್ಲ, ಮಾತಾಡಿ ಕಳಿಸುತ್ತಾಳೆ. ಮೇಷ್ಟ್ರು ಫೋನನ್ನು ಕಿವಿಗೆ ಒತ್ತಿದರು. ಬುಸುಬುಸು ಎಂದಿತು, ಅಷ್ಟೇ. ಕಿವಿಯನ್ನು ಹುಡುಕುವುದು ಹೇಗೆ ಎಂದು ಕೇಳಿದರೆ ಕಿವಿಯಿಂದ ಕೇಳಿಸಿಕೊಳ್ಳಬೇಕಾದ ಉತ್ತರ ಕಳಿಸಿದ ಮಗಳ ಬುದ್ಧಿವಂತಿಕೆಗೆ ಮೇಷ್ಟ್ರು ಹಲ್ಲು ಕಡಿದರು. 'ಬರೆದು ಕಳಿಸೇ ತಾಯಿ' ಎಂದು ಹಾಕಿದರು. ಅವಳು ಆಗಲೇ ಯಾರದೋ ರಕ್ತದ ಮುಂದೆ ಕೂತಿರಬೇಕು, ನೋಡಲಿಲ್ಲ.

ಇರಲಿ. ಶಬ್ದ ಮಾಡುವ ಗುಂಡಿ ಸಿಕ್ಕಿತಲ್ಲ. ಕಾಲರಿನ ಬಳಿ ಬಿಟ್ಟದ್ದು ಅಂಗಿಗಳ ಜೊತೆ ಮುಂದಕ್ಕೂ ಹೋಗಿರಬಹುದು. ಆ ದಾರಿಯಲ್ಲಿರುವ ಮಷೀನುಗಳು ಮೂರು: ಕಾಲರ್, ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್, ಕಾಜಾ. ಒಂದೊಂದರ ಬುಡದಲ್ಲೂ ಕೂತು ಗುಂಡಿ ಒತ್ತಿದರೆ ಯಾವುದೋ ಒಂದರೊಳಗಿಂದ ಕೂಗಿಯೇ ಕೂಗುತ್ತದೆ. ಕಳೆದ ವಸ್ತುವನ್ನು ಹುಡುಕಿಕೊಡಲೆಂದೇ ಮಾಡಿದ ಸದ್ದು ಎಂದ ಮೇಲೆ ಕಿವುಡನಿಗೂ ಕೇಳುವಷ್ಟು ದೊಡ್ಡದಾಗೇ ಇರುತ್ತದೆ ಎಂದು ಮೇಷ್ಟ್ರು ನಂಬಿದರು. ಆ ಸದ್ದು ಚಮಚದ ಟಿಣ್‌ಗಿಂತಲೂ ಸಣ್ಣ, ಚೂಪು ಸದ್ದು ಎಂದು ಅವರಿಗೆ ಹೇಳುವವರು ಯಾರು?

ಕಾಲರ್ ಮಷೀನಿನ ಬಳಿ ಮಂಡಿಯೂರಿ, ಜೇಬಿನೊಳಗೇ ಗುಂಡಿ ಒತ್ತಿದರು. ಏನೂ ಇಲ್ಲ. ಕಾಲರ್ ಹುಡುಗಿ ಮಾತ್ರ ಕುರ್ಚಿಯಿಂದ ಹಾರಿಬಿದ್ದಳು. ಈ ಸಲ ಮೇಷ್ಟ್ರು ಅವಳ ಮುಖ ನೋಡಿದ್ದರಿಂದ ತುಟಿ ಓದಲು ಆಯಿತು.

"ಮೇಷ್ಟ್ರೇ! ಮಷೀನು ಕೀಂ ಕೀಂ ಅಂತಿದೆ!"

ಹೊಸ ಮಷೀನುಗಳಿಗೆ ಮೋಟಾರಿನ ಜೊತೆ ಒಂದು ಪುಟ್ಟ ಪರದೆ ಇರುತ್ತದೆ, ಏನಾದರೂ ತಪ್ಪಾದರೆ ಅದು ಕೂಗುತ್ತದೆ. ಅದೇ ಇರಬೇಕು, ಇವತ್ತೇ ಇದೂ ಕೈಕೊಡಬೇಕೇ, ಎಂದು ಮೇಷ್ಟ್ರು ಹಣೆ ಚಚ್ಚಿಕೊಂಡರು. "ಹೌದು ಹೌದು, ಕೇಳಿಸ್ತಿದೆ" ಎಂದು ಗಂಭೀರವಾಗಿ ಹೇಳಿ, ಫೋನಿನ ಗುಂಡಿ ಆರಿಸಿ, ಪರದೆಯ ವೈರನ್ನು ಒಂದು ಸಲ ಕಿತ್ತು ಮತ್ತೆ ಸಿಕ್ಕಿಸಿದರು.

"ನಿಂತೇ ಹೋಯ್ತು!" ಅಂದಳು ಹುಡುಗಿ ಕಣ್ಣರಳಿಸಿ.

ಓವರ್‌ಲಾಕ್ ಮಷೀನಿನ ಬಳಿಯೂ ಅದೇ ಆಟ. ಮೇಷ್ಟ್ರು ಬಗ್ಗಿದರು, ಒತ್ತಿದರು, ಏನೂ ಕೇಳಲಿಲ್ಲ. ಅಲ್ಲಿ ಕೂತಿದ್ದವಳು ಕೂಗಿದಳು, ಮೇಷ್ಟ್ರು "ಹೌದು ಹೌದು" ಅಂದು ಗುಂಡಿ ಆರಿಸಿ ವೈರು ಕಿತ್ತು ಸಿಕ್ಕಿಸಿದರು, ಸದ್ದು ನಿಂತಿತು. "ಕಿವಿ ಮೇಷ್ಟ್ರು ಮುಟ್ಟಿದ್ರೆ ಸಾಕು ನೋಡ್ರೇ" ಎಂದು ಅವಳು ಪಕ್ಕದವಳಿಗೆ ಹೇಳಿದ್ದು ಮೇಷ್ಟ್ರಿಗೆ ಕಾಣಿಸಿತು. ಇಷ್ಟು ವರ್ಷ ನಿಜವಾಗಿ ಕೇಳಿಸಿಕೊಂಡು ಕೆಲಸ ಮಾಡಿದಾಗ ಯಾರೂ ಇಂಥ ಹೊಗಳಿಕೆ ಕೊಟ್ಟಿರಲಿಲ್ಲ. ಬೇರೆ ದಿನವಾಗಿದ್ದರೆ ಮೀಸೆ ತಿರುವುತ್ತಿದ್ದರು. ಇವತ್ತು ಅಳು ಬರುವ ಹಾಗಾಗಿತ್ತು. ಎರಡು ಮಷೀನು ಆಯಿತು, ಇಯರ್‌ಬಡ್ಡಿನ ಸುಳಿವಿಲ್ಲ. ಊಟದ ಹೊತ್ತಿಗೆ ತಪಾಸಣೆಯವನು ಬರುತ್ತಾನೆ. ಅವನು ನಡೆಯುತ್ತ ಕೇಳುವ ಪ್ರಶ್ನೆಗಳಿಗೆಲ್ಲ ಮೇಷ್ಟ್ರೇ ಉತ್ತರ ಹೇಳಬೇಕು. ಹೊರಗಿನವನಿಗೆ 'ಹೌದು ಹೌದು' ಅಂದರೆ ನಡೆಯುವುದಿಲ್ಲ. 'ಸೂಜಿಗಳ ಲೆಕ್ಕ ತಪ್ಪಿದೆಯಾ?' ಎಂದು ಕೇಳಿದರೆ? ಮನಸ್ಸಿನಲ್ಲಿ ಆ ಗೋಡೆ ಗಡಿಯಾರ ತೂಗತೊಡಗಿತು.

ಕಾಜಾ ಮಷೀನಿಗೆ ಬಂದರು. ಅಂಗಿಯ ಗುಂಡಿ ತೂರುವ ಕಿಂಡಿಗೆ ಕಾಜಾ ಅನ್ನುತ್ತಾರೆ. ಆ ಕಿಂಡಿ ಕೊರೆದು ಸುತ್ತಲೂ ಹೊಲಿಯುವುದು ಹಾಲ್‌ನಲ್ಲೇ ನಾಜೂಕಿನ ಕೆಲಸ, ಅದನ್ನು ಮಾಡುವವಳಿಗೆ ಕಾಜಕ್ಕ ಎಂದೇ ಹೆಸರು. ಮಾತು ಚೂಪು, ಕಣ್ಣು ಚೂಪು, ಕಿವಿ ಅದಕ್ಕಿಂತ ಚೂಪು. ವರ್ಷಗಟ್ಟಲೆ ದಾರ ಕತ್ತರಿಸುವ ಮೇಜಿನಲ್ಲಿ ನಿಂತು ನಿಂತು ಕಾಲು ಬಾತು, ಕಷ್ಟಪಟ್ಟು ಕಲಿತು ಈ ಕುರ್ಚಿಗೆ ಬಂದವಳು. ಮಷೀನನ್ನು ಮಗುವಿನ ಹಾಗೆ ಒರೆಸಿ ಇಡುತ್ತಾಳೆ. ಮೇಷ್ಟ್ರ ಆಯಸ್ಕಾಂತಕ್ಕೆ ಕಪ್ಪು ಬಟ್ಟೆಯ ಕವಚ ಹೊಲಿದುಕೊಟ್ಟವಳೂ ಅವಳೇ.

ಮೇಷ್ಟ್ರು ಬಗ್ಗಿ ಗುಂಡಿ ಒತ್ತಿದರು. ದುರದೃಷ್ಟಕ್ಕೆ ಆಗಲೇ ಮೇಡಂ ಬೆನ್ನ ಹಿಂದೆ ಬಂದು ನಿಂತಿದ್ದರು.

ಮೇಷ್ಟ್ರು ಎದ್ದಾಗ ಮೇಡಂ ಮುಖ ಕೆಂಪಾಗಿತ್ತು. ಮುಂದೆ ಬಂದು ನಿಂತು ಏರುದನಿಯಲ್ಲಿ ಹೇಳಿದ್ದರಿಂದ ಅಷ್ಟಿಷ್ಟು ಹಿಡಿಯಲು ಆಯಿತು. "ಮೇಷ್ಟ್ರೇ, ಇದು ಮೂರನೇ ಮಷೀನು! ಅವರು ಬಂದಾಗ ಹೀಗೆ ಕಿರುಚ್ಕೊಂಡ್ರೆ ನಮ್ಮ ಗತಿ? ಈಗ ಶಬ್ದ ಬರ್ತಿದೆ ತಾನೇ?"

"ಹೌದು ಹೌದು, ಬರ್ತಿದೆ" ಅಂದರು ಮೇಷ್ಟ್ರು.

"ರಿಪೇರಿ ಗಿಪೇರಿ ಬೇಡ. ಇದನ್ನ ಬಿಚ್ಚಿ ಗೋದಾಮಿಗೆ ಹಾಕ್ಸಿ. ಅಕ್ಕಾ, ನೀನು ಇವತ್ತಿಂದ ದಾರ ಕತ್ತರಿಸೋ ಮೇಜಿಗೆ ಹೋಗು. ಬೇರೆ ಮಷೀನು ಬಂದ್ರೆ ನೋಡೋಣ."

ಮೇಷ್ಟ್ರು ಜೇಬಿನೊಳಗೆ ಗುಂಡಿ ಆರಿಸಿದರು, ಮೇಡಂ ಆಳುಗಳನ್ನು ಕರೆಯಲು ಹೋದರು. ಬೇರೆ ಮಷೀನು ಬಂದರೆ ಎಂದರೆ ಬರುವುದಿಲ್ಲ ಎಂದೇ ಅರ್ಥ, ಅದು ಹಾಲ್‌ಗೆಲ್ಲ ಗೊತ್ತು. ಕಾಜಕ್ಕ ಕೂತಲ್ಲೇ ಕಲ್ಲಾದಳು. ಆಮೇಲೆ ಮೇಷ್ಟ್ರ ಎದುರು ಬಂದು ನಿಂತು, ಅವರ ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

"ಮೇಷ್ಟ್ರೇ, ನನ್ನ ಮಷೀನು ಯಾವತ್ತೂ ಹಾಗೆ ಕೂಗಿದ್ದಲ್ಲ. ನೀವು ಬಂದ್ರಿ, ಕೂಗ್ತು. ಕಾಲರ್ ಹತ್ರ ನೀವು ಹೋದ್ರಿ, ಅಲ್ಲಿ ಕೂಗ್ತು. ಓವರ್‌ಲಾಕ್ ಹತ್ರ ಹೋದ್ರಿ, ಅಲ್ಲೂ ಕೂಗ್ತು. ನೀವು ಸುಳ್ಳು ಹೇಳೋರಲ್ಲ. ನೀವೇ ಹೇಳಿ, ನನ್ನ ಮಷೀನು ಕೆಟ್ಟಿದ್ಯಾ?"

ಮೇಷ್ಟ್ರಿಗೆ ತಲೆಯ ಮೇಲೆ ತಣ್ಣೀರು ಸುರಿದ ಹಾಗಾಯಿತು. ಸರಸರ ನಡೆದು ದಾರದ ಬೀರುವಿನ ಪಕ್ಕಕ್ಕೆ ಹೋದರು. ಅಲ್ಲಿಂದ ಕಾಜಕ್ಕನ ಮುಖ ಚೆನ್ನಾಗಿ ಕಾಣುತ್ತಿತ್ತು. ಜೇಬಿನಲ್ಲಿ ಗುಂಡಿ ಒತ್ತಿದರು. ಅವಳ ತಲೆ ಗಕ್ಕನೆ ಇವರ ಕಡೆ ತಿರುಗಿತು. ಆರಿಸಿದರು. ಅವಳ ಹುಬ್ಬು ಸಡಿಲಾಯಿತು. ಮತ್ತೆ ಒತ್ತಿದರು. ಮತ್ತೆ ಹುಬ್ಬು ಗಂಟಾಯಿತು, ಮತ್ತು ಈ ಸಲ ಅವಳ ದೃಷ್ಟಿ ಅವರ ಮುಖದಿಂದ ನಿಧಾನವಾಗಿ ಇಳಿದು ಸೊಂಟದ ಚೀಲದ ಮೇಲೆ ನಿಂತಿತು.

ಬೀರುವಿನ ಹಿಂದೆ ಸರಿದು ಚೀಲಕ್ಕೆ ಕೈಹಾಕಿದರು. ಕೊಡವಿ ನೋಡುವುದಲ್ಲ ಈ ಸಲ, ಒಂದೊಂದನ್ನೇ ಮುಟ್ಟಿ ತಿರುಗಿಸಿದರು. ಕಪ್ಪು ಬಟ್ಟೆಯ ಆಯಸ್ಕಾಂತವನ್ನು ತಿರುಗಿಸಿದರೆ, ಅದರ ಬೆನ್ನಿಗೆ, ಕಪ್ಪಿಗೆ ಕಪ್ಪು ಅಂಟಿಕೊಂಡು, ಎರಡೂ ಇಯರ್‌ಬಡ್‌ಗಳು ಹಲ್ಲಿಗಳ ಹಾಗೆ ಕೂತಿದ್ದವು. ಅವುಗಳ ಹೊಟ್ಟೆಯಲ್ಲೂ ಚೂರು ಆಯಸ್ಕಾಂತ ಇರುತ್ತದಂತೆ. ಎಷ್ಟು ಕೊಡವಿದರೆ ಏನು, ಬೀಳುತ್ತವೆಯೇ? ಕಳೆದದ್ದನ್ನು ಹುಡುಕಲೆಂದೇ ಇಟ್ಟುಕೊಂಡ ಸಾಮಾನು ಕಳೆದದ್ದನ್ನು ಬಚ್ಚಿಟ್ಟುಕೊಂಡಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಇವರು ಗೇಟಿನ ತನಕ ಹೋಗಿ ಬಂದಿದ್ದರು.

ಮೇಷ್ಟ್ರು ಕಿತ್ತು ಎರಡನ್ನೂ ಕಿವಿಗೆ ತುರುಕಿಕೊಂಡರು. ಹತ್ತಿ ಹತ್ತಿಯಾಗೇ ಉಳಿಯಿತು. ಫೋನ್ ನೋಡಿದರೆ ಅವುಗಳ ಬ್ಯಾಟರಿಯ ಜಾಗದಲ್ಲಿ ಕೆಂಪು ಸೊನ್ನೆ. ಬೆಳಿಗ್ಗೆಯಿಂದ ಕೂಗಿ ಕೂಗಿ, ಸಿಕ್ಕಿದ ಗಳಿಗೆಯಲ್ಲೇ ಸತ್ತಿದ್ದವು. ಡಬ್ಬಿ ಮನೆಯಲ್ಲಿ. ಬೀರುವಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು, ನಿಜವಾಗಿ ಒಂದು ಸಲ ಚಚ್ಚಿಯೂ ಬಿಟ್ಟರು.

ಅತ್ತ ಇಬ್ಬರು ಆಳುಗಳು ಬಂದು ಕಾಜಾ ಮಷೀನಿನ ಬೋಲ್ಟು ಬಿಚ್ಚತೊಡಗಿದ್ದರು. ಕಾಜಕ್ಕ ತನ್ನ ಕತ್ತರಿ, ಕನ್ನಡಕ, ನೀರಿನ ಬಾಟಲಿಯನ್ನು ಎದೆಗೆ ಅವುಚಿಕೊಂಡು ಪಕ್ಕದಲ್ಲಿ ನಿಂತಿದ್ದಳು. ಅವಳಿಗೆ ಗೊತ್ತಾಗಿದೆ. ಬಾಯಿ ಬಿಟ್ಟು 'ಆ ಸದ್ದು ಮೇಷ್ಟ್ರ ಚೀಲದ್ದು' ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಹಾಲ್‌ನಲ್ಲೇ ದೊಡ್ಡ ಬಾಯಿಯವಳು ಅವಳು. ಆದರೆ ಬಾಯಿ ಬಿಡಲಿಲ್ಲ, ಇವರನ್ನೇ ನೋಡುತ್ತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಮೇಷ್ಟ್ರಿಗೆ.

ಸುಮ್ಮನಿದ್ದುಬಿಡಬಹುದಿತ್ತು. ಇಯರ್‌ಬಡ್ ಸಿಕ್ಕಿದೆ, ನಾಳೆ ಚಾರ್ಜ್ ಆಗುತ್ತದೆ, ಶೋಕಿಲಾಲನ ಬದುಕು ಮುಂದುವರಿಯುತ್ತದೆ. ನಿಜ ಹೇಳಿದರೆ ಮುಂದಿನ ಪ್ರಶ್ನೆ ಏನೆಂದು ಮಗುವಿಗೂ ಗೊತ್ತು. ಉಗುಳುವಂತಿಲ್ಲ, ನುಂಗುವಂತಿಲ್ಲ, ಬಾಯಲ್ಲಿ ಬಿಸಿತುಪ್ಪ. ಆದರೆ ಒಂದು ವಿಷಯ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಅಲ್ಲಿ ಬಿಚ್ಚುತ್ತಿದ್ದದ್ದು ಚೆನ್ನಾಗಿರುವ ಮಷೀನು. ಚೆನ್ನಾಗಿರುವ ಮಷೀನನ್ನು ತಾವು ಕೆಟ್ಟಿದೆ ಅಂದಿದ್ದರು.

ಅವರು ಹೋಗಿ ಆಳಿನ ಕೈಯಿಂದ ಸ್ಪ್ಯಾನರ್ ಕಸಿದುಕೊಂಡರು. ಮೇಡಂ ತಿರುಗಿ ನೋಡಿದರು. ಮೇಷ್ಟ್ರು ಕಿವಿಯಿಂದ ಎರಡನ್ನೂ ಕಿತ್ತು ಅಂಗೈಯಲ್ಲಿಟ್ಟು ಚಾಚಿದರು.

"ಕೂಗಿದ್ದು ಇದು. ಮಷೀನಲ್ಲ. ಈ ಮಷೀನು ಚೆನ್ನಾಗಿದೆ."

ಅಕ್ಕಪಕ್ಕದ ಮಷೀನುಗಳು ನಿಂತವು. ಮೇಡಂ ಮೊದಲು ಅಂಗೈಯನ್ನೂ ಆಮೇಲೆ ಮೇಷ್ಟ್ರ ಚೀಲವನ್ನೂ ನೋಡಿದರು. ಆಮೇಲೆ ಆಳುಗಳ ಕಡೆ ತಿರುಗಿಕೊಂಡೇ ಏನೋ ಕೇಳಿದರು. ಅವರ ಕೆನ್ನೆ ಅಲ್ಲಾಡಿದ್ದು ಮಾತ್ರ ಕಂಡಿತು. ಎಲ್ಲರೂ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದರು, ಉತ್ತರಕ್ಕೆ ಕಾಯುತ್ತ. ನಾಲಿಗೆಯ ತುದಿಗೆ 'ಹೌದು ಹೌದು' ತಾನಾಗಿ ಬಂದು ನಿಂತಿತ್ತು. ಅದನ್ನು ನುಂಗಿದರು.

"ಏನಂದ್ರಿ?" ಅಂದರು.

ಯಾರೋ ಕಿಸಕ್ಕೆಂದು ನಕ್ಕಿರಬೇಕು, ಕಾಜಕ್ಕ ಗಕ್ಕನೆ ಆ ಕಡೆ ತಿರುಗಿ ಕಣ್ಣು ಬಿಟ್ಟಳು. ಮೇಡಂ ಸುತ್ತಿ ಎದುರಿಗೆ ಬಂದು ನಿಂತರು.

"ನಿಮ್ಮ ಸೊಂಟದಲ್ಲೇ ಕೂಗ್ತಿತ್ತಲ್ಲ, ನಿಮಗೆ ಕೇಳಿಸ್ಲಿಲ್ವಾ ಅಂದೆ."

"ಇಲ್ಲ. ಕೇಳಿಸಲ್ಲ. ಇದು ಹಾಡಿಗಲ್ಲ ಮೇಡಂ, ಕಿವಿಗೆ. ಇದಿಲ್ಲದಿದ್ರೆ ನೀವು ಹೇಳೋದು ಅರ್ಧ ಕೇಳಿಸಲ್ಲ. ಬೆಳಿಗ್ಗೆ ಸೂಜಿನೂ ಮುರಿದಿರಲಿಲ್ಲ."

ಸೂಜಿಯ ವಿಷಯ ಯಾರೂ ವಿಚಾರಿಸಿರಲಿಲ್ಲ. ಆದರೂ ಬಾಯಿಂದ ಬಂದುಬಿಟ್ಟಿತು, ದಾರದ ಒಂದು ಎಳೆ ಎಳೆದರೆ ಹೊಲಿಗೆಯೆಲ್ಲ ಬಿಚ್ಚಿಕೊಂಡು ಬರುವ ಹಾಗೆ.

ಮೇಡಂ ಕೈಗಡಿಯಾರ ನೋಡಿಕೊಂಡರು. ಆಮೇಲೆ ಆಳುಗಳಿಗೆ ಬೋಲ್ಟು ಮತ್ತೆ ಹಾಕುವಂತೆ ಕೈಸನ್ನೆ ಮಾಡಿದರು. ಹೊರಡುವ ಮುನ್ನ ಮೇಷ್ಟ್ರ ಎದುರು ನಿಂತು ನಿಧಾನವಾಗಿ ಹೇಳಿದರು. "ಇವತ್ತು ತಪಾಸಣೆಯವರ ಜೊತೆ ನಾನೇ ಓಡಾಡ್ತೀನಿ. ನಾಳೆ ಬೆಳಿಗ್ಗೆ ಆಫೀಸಿಗೆ ಬನ್ನಿ." ಆ ಕೊನೆಯ ಮಾತು ಒಂದಕ್ಷರವೂ ತಪ್ಪದೆ ಮೇಷ್ಟ್ರಿಗೆ ತಲುಪಿತು.

ಬೋಲ್ಟು ಬಿಗಿಯಾಯಿತು. ಕಾಜಕ್ಕ ಕುರ್ಚಿಯಲ್ಲಿ ಕೂತು ಮಷೀನು ಓಡಿಸಿದಳು. ಮೇಷ್ಟ್ರು ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಆ ಅದುರನ್ನು ಕೇಳಿದರು. ತಕರಾರಿಲ್ಲದ ಓಟ. ತಲೆಯಾಡಿಸಿದರು. ಕಾಜಕ್ಕ ಮಷೀನು ನಿಲ್ಲಿಸಿ, ಅವರ ಕೈಯಲ್ಲಿ ಮತ್ತೆ ಮಿನುಗುತ್ತಿದ್ದ ಫೋನಿನ ಕಡೆ ಬೆರಳು ತೋರಿಸಿದಳು. ಮಗಳ ಹಳೆಯ ಧ್ವನಿ ಸಂದೇಶದ ಕೆಳಗೆ ಇನ್ನೊಂದು ಧ್ವನಿ ಸಂದೇಶ. ಮೇಷ್ಟ್ರು ಫೋನನ್ನು ಅವಳಿಗೇ ಕೊಟ್ಟರು.

ಅವಳು ಎರಡನ್ನೂ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಖದಲ್ಲಿ ನಗುವೂ ಸಿಟ್ಟೂ ಒಟ್ಟಿಗೆ ಬಂದವು.

"ಮೊದಲನೇದು: ಅಪ್ಪಾ, ಆ ಸದ್ದು ತುಂಬಾ ಸಣ್ಣ, ನಿನಗೆ ಕೇಳ್ಸಲ್ಲ. ಪಕ್ಕದಲ್ಲಿ ಯಾರನ್ನಾದ್ರೂ ನಿಲ್ಲಿಸ್ಕೊಂಡು ಒತ್ತು. ಎಲ್ಲಿ ಹೋದ್ರೂ ಹತ್ತಿರ ಇದೆ ಅಂದ್ರೆ ನಿನ್ ಮೈಮೇಲೇ ಇದೆ, ಚೀಲ ನೋಡ್ಕೋ. ಎರಡನೇದು: ಸಿಕ್ತಾ? ಯಾಕೆ ಉತ್ತರ ಇಲ್ಲ?" ಫೋನನ್ನು ವಾಪಸು ಕೊಡುತ್ತ ಅವಳು ಸೇರಿಸಿದಳು. "ಬೆಳಿಗ್ಗೇನೇ ಇದನ್ನ ನನ್ನ ಕೈಗೆ ಕೊಟ್ಟಿದ್ರೆ ಏನ್ ಗಂಟು ಹೋಗ್ತಿತ್ತು ಮೇಷ್ಟ್ರೇ ನಿಮ್ದು?"

ಮೇಷ್ಟ್ರು ಫೋನನ್ನು ಬಾಯಿಯ ಹತ್ತಿರ ಹಿಡಿದು, ಮಾತಾಡುವ ಗುಂಡಿಯನ್ನು ಒತ್ತಿದರು. ತಮ್ಮ ದನಿ ಎಷ್ಟು ದೊಡ್ಡದಾಗಿ ಹೋಗುತ್ತಿದೆಯೆಂದು ಅವರಿಗೆ ಗೊತ್ತಾಗಲಿಲ್ಲ. ಇಷ್ಟು ದಿನ ಅದನ್ನು ಹಿಡಿದು ಹಿಡಿದು ಮಾತಾಡುತ್ತಿದ್ದವರು, ಈಗ ಬಿಟ್ಟರು.

"ಸಿಕ್ತಮ್ಮಾ. ನಾಳೆ ಆಫೀಸಿಗೆ ಕರ್ದಿದ್ದಾರೆ, ಏನಾಗುತ್ತೋ ಗೊತ್ತಿಲ್ಲ. ಇನ್ಮೇಲೆ ಏನೇ ಇದ್ರೂ ಬರೆದು ಕಳ್ಸು. ನಿಮ್ಮಪ್ಪನಿಗೆ ಕಿವಿ ಕೇಳ್ಸಲ್ಲ."

ದಾರ ಕತ್ತರಿಸುವ ಮೇಜಿನ ಆ ತುದಿಯಲ್ಲಿ ನಿಂತಿದ್ದವರೂ ತಲೆಯೆತ್ತಿ ನೋಡಿದರು.